ಪುಕ್ಕಟೆಯ ಮಾತು ಬೇರೆ, ದಾಸೋಹದ ಮಾತು ಬೇರೆ



ಈ ಪುಟದಲ್ಲಿ ವಚನವೊಂದನ್ನು ಎತ್ತಿಕೊಂಡು ಅದರ ಭಾವವನ್ನು ಬಿಡಿಸಿ ಹೇಳುವುದು ವಾಡಿಕೆ. ಈ ಸಲ ಇಡಿಯ ವಚನದ ಬದಲು, ವಚನಗಳಲ್ಲಿ ಮತ್ತೆ ಮತ್ತೆ ಬರುವ ಒಂದೇ ಒಂದು ಪದವನ್ನು ಎತ್ತಿಕೊಳ್ಳಬೇಕಾಗಿದೆ. ಆ ಪದ 'ದಾಸೋಹ'. ನಾವು ದಿನಕ್ಕೆ ಹತ್ತು ಸಲ ಆಡುವ ಈ ಪದವನ್ನು ಈಚೆಗೆ ಒಂದು ತಪ್ಪು ಅರ್ಥದಲ್ಲಿ ಎಳೆದಾಡುತ್ತಿರುವುದು ಕಂಡುಬಂದುದರಿಂದ, ಅದನ್ನು ಖಂಡಿಸದೆ ಸುಮ್ಮನಿರುವುದು ಉಚಿತವೆನಿಸಲಿಲ್ಲ.

ಸಂದರ್ಭ ಇಷ್ಟು. ಶ್ರೀಮಠದ ಹಳೆಯ ಪ್ರಕಟಣೆಗಳನ್ನು ಗಣಕಯಂತ್ರಕ್ಕೆ ಅಳವಡಿಸುವ ಮಾತು ಬಂದಾಗಲೆಲ್ಲ, ಕಾರ್ಯಾಲಯದಲ್ಲಿ ಮುಕ್ತ ತಂತ್ರಾಂಶವನ್ನು ಬಳಸೋಣವೆಂಬ ಸೂಚನೆಗೆ ಎರಡು ಬಗೆಯ ಉತ್ತರಗಳು ಕೇಳಿಬರುತ್ತವೆ. "ಮುಕ್ತವೆಂದರೆ ಪುಕ್ಕಟೆ ತಾನೆ? ನಮ್ಮ ಯಂತ್ರಗಳಲ್ಲಿ ಇರುವುದೆಲ್ಲ ಪುಕ್ಕಟೆಯೇ. ಭಕ್ತರ ಹುಡುಗರು ಪೆನ್‌ಡ್ರೈವಿನಲ್ಲಿ ತಂದು ಹಾಕಿಕೊಟ್ಟಿದ್ದಾರೆ, ಅದೂ ದಾಸೋಹವೇ" ಎಂಬುದು ಒಂದು. "ಪುಕ್ಕಟೆ ಸಿಗುವುದಕ್ಕೆ ಬೆಲೆಯಿಲ್ಲ, ಅದು ಮಠದ ಗೌರವಕ್ಕೆ ತಕ್ಕುದಲ್ಲ" ಎಂಬುದು ಇನ್ನೊಂದು. ಮೊದಲನೆಯವರು ಪುಕ್ಕಟೆಯನ್ನು ಹೊಗಳುತ್ತಾರೆ, ಎರಡನೆಯವರು ತೆಗಳುತ್ತಾರೆ. ಇಬ್ಬರೂ ಒಂದೇ ತಪ್ಪಿನ ಮೇಲೆ ನಿಂತಿದ್ದಾರೆ. ಇಬ್ಬರಿಗೂ ಮುಕ್ತ ತಂತ್ರಾಂಶವೆಂದರೆ ಏನೆಂಬುದು ತಿಳಿದಿಲ್ಲ. ಅದಕ್ಕಿಂತ ಖೇದದ ಸಂಗತಿ, ದಾಸೋಹವೆಂದರೆ ಏನೆಂಬುದು ಮರೆತಿದೆ.

ಪದದ ಗೊಂದಲ

ಇಂಗ್ಲಿಷಿನಲ್ಲಿ 'ಫ್ರೀ' ಎಂಬ ಒಂದೇ ಪದಕ್ಕೆ ಎರಡು ಅರ್ಥ: ಹಣ ಕೊಡಬೇಕಾಗಿಲ್ಲದ್ದು, ಕಟ್ಟುಪಾಡಿಲ್ಲದ್ದು. ಈ ಗೊಂದಲವನ್ನು ನಿವಾರಿಸಲು ಆ ಭಾಷೆಯವರು ನಾಲ್ಕು ದಶಕಗಳಿಂದ ಹೆಣಗುತ್ತಿದ್ದಾರೆ. ಕನ್ನಡಕ್ಕೆ ಆ ಬಡತನವಿಲ್ಲ. ಬಿಟ್ಟಿ, ಪುಕ್ಕಟೆ, ಧರ್ಮಾರ್ಥ ಎಂಬ ಪದಗಳು ಹಣದ ಮಾತನ್ನು ಹೇಳುತ್ತವೆ. ಮುಕ್ತ, ಸ್ವತಂತ್ರ ಎಂಬ ಪದಗಳು ಬಂಧನದ ಮಾತನ್ನು ಹೇಳುತ್ತವೆ. 'ಉಚಿತ' ಎಂಬ ಪದಕ್ಕಾದರೂ ಮೂಲದಲ್ಲಿ ಯೋಗ್ಯ, ತಕ್ಕುದು ಎಂದೇ ಅರ್ಥವಿತ್ತು. ಹಣವಿಲ್ಲದೆ ದೊರೆಯುವುದು ಎಂಬುದು ಆಮೇಲೆ ಬಂದು ಸೇರಿದ ಅರ್ಥ. ಇಷ್ಟು ಪದಸಂಪತ್ತು ಕೈಯಲ್ಲಿದ್ದೂ ನಾವು ಇಂಗ್ಲಿಷಿನವರ ಗೊಂದಲವನ್ನು ಸಾಲ ತಂದು ಅನುಭವಿಸುವುದು ವಿಪರ್ಯಾಸವೇ ಸರಿ.

ಹಾಗಾದರೆ ಮುಕ್ತ ತಂತ್ರಾಂಶವೆಂದರೇನು? ಗುಬ್ಬಿ ತಾಲ್ಲೂಕಿನ ತೆಂಗಿನ ತೋಟದ ರೈತರಿಗೆ ತಿಳಿಯುವಂತೆ ಹೇಳುವುದಾದರೆ ಹೀಗೆ: ಕೊಳವೆಬಾವಿಯ ಮೋಟಾರು ಸುಟ್ಟುಹೋದರೆ ಅದನ್ನು ಮೇಲೆತ್ತಿ ವೈಂಡಿಂಗ್ ಅಂಗಡಿಗೆ ಒಯ್ಯುತ್ತೇವೆ. ಅಂಗಡಿಯವನು ಬಿಚ್ಚಿ ನೋಡಿ, ಸುಟ್ಟ ತಂತಿಯನ್ನು ತೆಗೆದು ಹೊಸ ತಾಮ್ರದ ತಂತಿ ಸುತ್ತಿ ಕೊಡುತ್ತಾನೆ. ಆತನಿಗೆ ಕೂಲಿ ಕೊಡುತ್ತೇವೆ. ಮೋಟಾರನ್ನು ಮಾಡಿದ ಕಂಪನಿಯನ್ನು ಕೇಳಬೇಕಾಗಿಲ್ಲ. ಪಕ್ಕದ ಹೊಲದವನಿಗೆ ಒಂದು ದಿನ ಎರವಲು ಕೊಡಲೂ ಯಾರ ಅಪ್ಪಣೆಯೂ ಬೇಕಾಗಿಲ್ಲ. ಈಗ ಇದೇ ಮೋಟಾರನ್ನು ಮೊಹರು ಹಾಕಿ ಕೊಟ್ಟು, "ಬಿಚ್ಚಿದರೆ ಅಪರಾಧ, ಎರವಲು ಕೊಟ್ಟರೆ ಅಪರಾಧ, ಒಳಗೇನಿದೆಯೆಂದು ಕೇಳುವುದೂ ಸಲ್ಲದು, ವರ್ಷ ಕಳೆದರೆ ತಾನೇ ನಿಂತುಹೋಗುತ್ತದೆ" ಎಂದು ಕರಾರು ಬರೆಸಿಕೊಂಡರೆ ಯಾವ ರೈತ ಕೊಂಡಾನು? ತಂತ್ರಾಂಶದ ವಿಷಯದಲ್ಲಿ ಮಾತ್ರ ನಾವು ಇಂಥ ಕರಾರಿಗೆ ಓದದೆಯೇ ಒಪ್ಪಿಗೆ ಒತ್ತುತ್ತೇವೆ.

ತಂತ್ರಾಂಶವನ್ನು ಮನುಷ್ಯರು ಓದಿ ತಿಳಿಯಬಲ್ಲ ರೂಪದಲ್ಲಿ ಬರೆದಿರುತ್ತಾರೆ. ಅದಕ್ಕೆ ಮೂಲಸಂಕೇತವೆಂದು ಹೆಸರು. ಯಂತ್ರಕ್ಕೆ ಮಾತ್ರ ತಿಳಿಯುವಂತೆ ಅದನ್ನು ಪರಿವರ್ತಿಸಿ, ಮೂಲವನ್ನು ಬಚ್ಚಿಟ್ಟುಕೊಂಡು ಮಾರುವುದು ಒಡೆತನದ ತಂತ್ರಾಂಶದ ಪದ್ಧತಿ. ಅಮೆರಿಕದ ಎಂ.ಐ.ಟಿ.ಯ ಪ್ರಯೋಗಾಲಯದಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ ಅವರು ಅಲ್ಲಿಗೆ ಬಂದ ಹೊಸ ಮುದ್ರಣಯಂತ್ರದ ತೊಂದರೆಯೊಂದನ್ನು ತಾವೇ ಸರಿಪಡಿಸಲು ಹೊರಟಾಗ ಅವರಿಗೆ ಅದರ ಮೂಲಸಂಕೇತ ದೊರೆಯಲಿಲ್ಲ. ಇಂಥ ಅನುಭವಗಳಿಂದ ಪಾಠ ಕಲಿತು ಅವರು 1983ರ ಸೆಪ್ಟೆಂಬರಿನಲ್ಲಿ 'ಗ್ನೂ' ಯೋಜನೆಯನ್ನು ಸಾರಿದರು, 1985ರಲ್ಲಿ ಮುಕ್ತ ತಂತ್ರಾಂಶ ಪ್ರತಿಷ್ಠಾನವನ್ನು ಸ್ಥಾಪಿಸಿದರು, 1989ರಲ್ಲಿ ಗ್ನೂ ಸಾರ್ವಜನಿಕ ಪರವಾನಗಿಯನ್ನು ಪ್ರಕಟಿಸಿದರು. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆದ ಲಿನಕ್ಸ್ ತಿರುಳು ಮುಂದೆ ಇದೇ ಪರವಾನಗಿಯಡಿ ಬಂದು ಗ್ನೂ ಯೋಜನೆಯ ಸಲಕರಣೆಗಳೊಡನೆ ಕೂಡಿಕೊಂಡಿತು.

ಈ ಪಂಥದವರು ಹೇಳುವ ಸ್ವಾತಂತ್ರ್ಯಗಳು ನಾಲ್ಕು. ಯಾವ ಉದ್ದೇಶಕ್ಕಾದರೂ ತಂತ್ರಾಂಶವನ್ನು ನಡೆಸುವುದು. ಅದು ಹೇಗೆ ಕೆಲಸ ಮಾಡುತ್ತದೆಂದು ಮೂಲಸಂಕೇತವನ್ನು ಓದಿ ತಿಳಿದು, ತನಗೆ ಬೇಕಾದಂತೆ ತಿದ್ದಿಕೊಳ್ಳುವುದು. ಅದರ ಪ್ರತಿಗಳನ್ನು ನೆರೆಯವರಿಗೆ ಹಂಚುವುದು. ತಾನು ತಿದ್ದಿ ಸುಧಾರಿಸಿದ ಪ್ರತಿಯನ್ನೂ ಸಮುದಾಯಕ್ಕೆ ನೀಡುವುದು. ಗಮನಿಸಿ: ಈ ನಾಲ್ಕರಲ್ಲಿ ಹಣದ ಪ್ರಸ್ತಾಪವೇ ಇಲ್ಲ. ಮುಕ್ತ ತಂತ್ರಾಂಶವನ್ನು ಮಾರಬಹುದು. ಸ್ಟಾಲ್‌ಮನ್ ಅವರೇ ತಮ್ಮ ಈಮ್ಯಾಕ್ಸ್ ತಂತ್ರಾಂಶದ ಟೇಪುಗಳನ್ನು 150 ಡಾಲರಿಗೆ ಮಾರುತ್ತಿದ್ದರು. ಪುಕ್ಕಟೆ ದೊರೆಯುವುದೆಲ್ಲ ಮುಕ್ತವೂ ಅಲ್ಲ. ನಮ್ಮ ಭಕ್ತವೃಂದದ ವಾಟ್ಸ್‌ಆ್ಯಪ್ ಗುಂಪಿಗೆ ಯಾರೂ ಕಾಸು ಕೊಟ್ಟಿಲ್ಲ, ಆದರೆ ಅದರ ಒಳಗನ್ನು ತೆರೆದು ನೋಡುವ, ತಿದ್ದುವ ಹಕ್ಕು ನಮ್ಮಲ್ಲಿ ಒಬ್ಬರಿಗೂ ಇಲ್ಲ.

ದಾಸೋಹವೆಂದರೇನು?

ಈಗ ನಮ್ಮ ಪದಕ್ಕೆ ಬರೋಣ. ದಾಸೋಹದ ಮೂಲದಲ್ಲಿರುವುದು 'ನಾನು ದಾಸ' ಎಂಬ ಭಾವ. ದಾನದಲ್ಲಿ ಕೊಡುವವನು ಮೇಲೆ ನಿಂತಿರುತ್ತಾನೆ, ತೆಗೆದುಕೊಳ್ಳುವವನು ಕೈಯೊಡ್ಡಿರುತ್ತಾನೆ. ದಾಸೋಹದಲ್ಲಿ ಕೊಡುವವನೇ ತಲೆಬಾಗಿರುತ್ತಾನೆ. ತನ್ನ ಕಾಯಕದಿಂದ ಬಂದುದು ತನ್ನದಲ್ಲ, ಸಮಾಜದ್ದು, ಅದನ್ನು ಹಿಂದಿರುಗಿಸುತ್ತಿದ್ದೇನೆ ಎಂದು ತಿಳಿದಿರುತ್ತಾನೆ. ಆದುದರಿಂದಲೇ ಶರಣರು ಕಾಯಕವಿಲ್ಲದ ದಾಸೋಹವನ್ನು ಒಪ್ಪಲಿಲ್ಲ. ನುಲಿಯ ಚಂದಯ್ಯನವರು ಹುಲ್ಲು ಹೊಸೆದು ಹಗ್ಗ ಮಾರಿದ ಹಣದಿಂದಲೇ ಜಂಗಮ ದಾಸೋಹ ನಡೆಸಿದರು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಮರಳಿ ಸುರಿದುಬರಲು ಹೇಳಿದ ಪ್ರಸಂಗ ಎಲ್ಲರಿಗೂ ತಿಳಿದುದೇ. ಈ ತತ್ತ್ವದಲ್ಲಿ ಬಿಟ್ಟಿಗೆ ಎಡೆಯೆಲ್ಲಿದೆ?

ದೂರ ಹೋಗುವುದು ಬೇಡ. ನಮ್ಮ ತುಮಕೂರಿನ ಮಗ್ಗುಲಲ್ಲೇ ಸಿದ್ಧಗಂಗೆಯಿದೆ. ಅಟವಿ ಸ್ವಾಮಿಗಳ ಕಾಲದಿಂದ ಅಲ್ಲಿಯ ಒಲೆ ಆರಿಲ್ಲವೆಂಬುದು ಭಕ್ತರ ನಂಬುಗೆ. 2019ರ ಜನವರಿ 21ರಂದು ಲಿಂಗೈಕ್ಯರಾದ ಪರಮಪೂಜ್ಯ ಶ್ರೀ ಶಿವಕುಮಾರ ಸ್ವಾಮಿಗಳು ಜಾತಿಮತ ನೋಡದೆ ಸಾವಿರಾರು ಬಡಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ನೀಡಿದರು. ಅಲ್ಲಿ ಓದಿದ ಹುಡುಗನಿಗೆ ಯಾರಾದರೂ "ನೀನು ಕಲಿತ ಅಕ್ಷರ ಒಂದು ವರ್ಷಕ್ಕೆ ಮಾತ್ರ, ಆಮೇಲೆ ನವೀಕರಿಸಿಕೊಳ್ಳಬೇಕು, ನಿನ್ನ ತಮ್ಮನಿಗೆ ಹೇಳಿಕೊಡಕೂಡದು, ನಾವು ಕಲಿಸಿದ ಲೆಕ್ಕವನ್ನು ಬೇರೆ ರೀತಿಯಲ್ಲಿ ಬಿಡಿಸಕೂಡದು" ಎಂದು ಷರತ್ತು ಹಾಕಿದ್ದುಂಟೇ? ಅಕ್ಷರ ಕೊಟ್ಟ ಮೇಲೆ ಅದು ಅವನದೇ. ಅವನು ಅದನ್ನು ಬಳಸುತ್ತಾನೆ, ಬೆಳೆಸುತ್ತಾನೆ, ಹಂಚುತ್ತಾನೆ. ಅಲ್ಲಿ ಉಂಡು ಬೆಳೆದವರು ಸುಗ್ಗಿಯಾದ ಮೇಲೆ ರಾಗಿಯ ಮೂಟೆಯನ್ನು ಅದೇ ದಾಸೋಹಕ್ಕೆ ಹೊತ್ತು ತರುವುದನ್ನು ನಾವು ಕಂಡಿದ್ದೇವೆ. ಪಡೆದವನು ನೀಡುವವನಾಗುವುದೇ ದಾಸೋಹದ ಪೂರ್ಣತೆ.

ಮುಕ್ತ ತಂತ್ರಾಂಶದ ಪರವಾನಗಿಯಲ್ಲಿ ಇದೇ ಮಾತು ಕಾನೂನಿನ ಭಾಷೆಯಲ್ಲಿದೆ. ಗ್ನೂ ಸಾರ್ವಜನಿಕ ಪರವಾನಗಿಯು ಒಂದು ಷರತ್ತನ್ನು ವಿಧಿಸುತ್ತದೆ: ನೀನು ಇದನ್ನು, ಅಥವಾ ಇದನ್ನು ತಿದ್ದಿ ಮಾಡಿದ್ದನ್ನು, ಇನ್ನೊಬ್ಬರಿಗೆ ಹಂಚುವುದಾದರೆ ನೀನು ಪಡೆದ ಸ್ವಾತಂತ್ರ್ಯಗಳನ್ನೇ ಅವರಿಗೂ ಕೊಡಬೇಕು. ಪ್ರಸಾದವನ್ನು ಪಡೆದವನು ಅದಕ್ಕೆ ಬೀಗ ಹಾಕಿ ಮಾರಕೂಡದಷ್ಟೆ! ಪುಕ್ಕಟೆಯೆಂಬುದು ಒಂದು ಸಲ ಕೊಟ್ಟು ಮುಗಿಯುವ ವ್ಯವಹಾರ. ದಾಸೋಹವು ಕೈಯಿಂದ ಕೈಗೆ ಸಾಗುತ್ತ ಹೋಗುವ ಹೊಣೆ. ಮುಕ್ತ ತಂತ್ರಾಂಶವನ್ನು ಹೋಲಿಸಬೇಕಾದುದು ಈ ಎರಡನೆಯದಕ್ಕೆ.

ಗೂಳೂರಿನ ಸಾಕ್ಷಿ

"ಇದೆಲ್ಲ ಪರದೇಶದ ವಿಚಾರ, ನಮ್ಮ ಪರಂಪರೆಗೆ ಏಕೆ ಗಂಟು ಹಾಕುತ್ತೀರಿ?" ಎಂದು ಕುಣಿಗಲ್ ಕಡೆಯ ಹಿರಿಯ ಭಕ್ತರೊಬ್ಬರು ಕೇಳಿದರು. ಅವರ ಊರಿಗೆ ಹೋಗುವ ದಾರಿಯಲ್ಲೇ ಉತ್ತರವಿದೆ. ತುಮಕೂರಿನಿಂದ ಕುಣಿಗಲ್ಲಿನ ಕಡೆಗೆ ಹೊರಟರೆ ಮೊದಲು ಸಿಗುವುದು ಗೂಳೂರು. ಆ ಊರಿನ ಹೆಸರು ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ನಿಂತಿರುವುದು ಗೂಳೂರು ಸಿದ್ಧವೀರಣ್ಣೊಡೆಯರಿಂದ.

ಶೂನ್ಯಸಂಪಾದನೆಯನ್ನು ಮೊದಲು ಸಂಕಲಿಸಿದವರು ಶಿವಗಣಪ್ರಸಾದಿ ಮಹದೇವಯ್ಯನವರು. ಅವರು ವಚನಗಳನ್ನು ಆಯ್ದು, ಅಲ್ಲಮಪ್ರಭುಗಳ ಸುತ್ತ ಸಂವಾದರೂಪದಲ್ಲಿ ಜೋಡಿಸಿದರು. ಅದು ಹಲಗೆಯಾರ್ಯರ ಕೈಗೆ ಬಂದಿತು. ಅವರು ತಮಗೆ ಕಂಡಂತೆ ಪರಿಷ್ಕರಿಸಿದರು. ಬಳಿಕ ಗುಮ್ಮಳಾಪುರದ ಸಿದ್ಧಲಿಂಗ ಯತಿಗಳು ಇನ್ನೊಮ್ಮೆ ಪರಿಷ್ಕರಿಸಿದರು. ಕೊನೆಗೆ ನಮ್ಮ ಗೂಳೂರಿನ ಸಿದ್ಧವೀರಣ್ಣೊಡೆಯರು ನಾಲ್ಕನೆಯ ಪರಿಷ್ಕರಣವನ್ನು ಮಾಡಿದರು. ಹಿಂದಿನದರಲ್ಲಿ ಇಲ್ಲದ ಪ್ರಸಂಗಗಳು ಮುಂದಿನದರಲ್ಲಿ ಸೇರಿದವು, ವಚನಗಳ ಆಯ್ಕೆ ಬದಲಾಯಿತು, ಜೋಡಣೆ ಬದಲಾಯಿತು. ಮೊದಲಿನವರು ಮುಂದಿನವರನ್ನು "ನನ್ನ ಕೃತಿಯನ್ನು ಮುಟ್ಟಕೂಡದು" ಎಂದು ತಡೆಯಲಿಲ್ಲ. ಮುಂದಿನವರು ವಚನಕಾರರ ಅಂಕಿತವನ್ನು ಅಳಿಸಿ ತಮ್ಮ ಹೆಸರು ಹಾಕಿಕೊಳ್ಳಲಿಲ್ಲ. ನಾಲ್ಕೂ ಉಳಿದವು, ನಾಲ್ಕನ್ನೂ ಹೋಲಿಸಿ ಇಂದು ನಾವು ಓದುತ್ತೇವೆ. ಬಳಸು, ಅರಿ, ತಿದ್ದು, ಹಂಚು ಎಂಬ ನಾಲ್ಕು ಸ್ವಾತಂತ್ರ್ಯಗಳಿಗೆ ಇದಕ್ಕಿಂತ ಶುದ್ಧ ಉದಾಹರಣೆ ಎಲ್ಲಿಯಾದರೂ ಇದ್ದರೆ ತೋರಿಸಬೇಕು.

ಸಿದ್ಧವೀರಣ್ಣೊಡೆಯರು ತೋಂಟದ ಸಿದ್ಧಲಿಂಗೇಶ್ವರರ ಶಿಷ್ಯಪರಂಪರೆಯವರು. ಕಗ್ಗೆರೆಯಲ್ಲಿ ತಪಸ್ಸು ಮಾಡಿ ಎಡೆಯೂರಿನಲ್ಲಿ ಸಮಾಧಿಸ್ಥರಾದ ಆ ಮಹಾಗುರು ತಾವೇ 701 ವಚನಗಳನ್ನು ರಚಿಸಿದರು. ಅವರ ಶಿಷ್ಯಸಮೂಹವು ಚದುರಿಹೋಗಿದ್ದ ವಚನಗಳನ್ನು ಹುಡುಕಿ, ಕಟ್ಟುಗಳಾಗಿ ಕೂಡಿಸಿ, ಪ್ರತಿಮಾಡಿ ಹಂಚಿತು. ಗುಬ್ಬಿಯ ಮಲ್ಲಣಾರ್ಯರು 1513ರಲ್ಲಿ 'ಭಾವಚಿಂತಾರತ್ನ'ವನ್ನು ಬರೆದಾಗ ತಮಿಳುನಾಡಿನ ಚೋಳನ ಕಥೆಯನ್ನು ಕನ್ನಡದ ಷಟ್ಪದಿಗೆ ತಂದರು. ಯಾರ ಅಪ್ಪಣೆಗೂ ಕಾಯಲಿಲ್ಲ. ಓಲೆಗರಿಯ ಲಿಪಿಕಾರರಂತೂ ತಮ್ಮ ಪ್ರತಿಯ ಕೊನೆಯಲ್ಲಿ ಕೈತಪ್ಪುಗಳಿದ್ದರೆ ಬಲ್ಲವರು ತಿದ್ದಿಕೊಂಡು ಓದಬೇಕೆಂದು ವಿನಯದಿಂದ ಬೇಡಿಕೊಳ್ಳುತ್ತಿದ್ದರು. ಓದುಗನಿಗೆ ತಿದ್ದುವ ಹಕ್ಕನ್ನು ಕೈಮುಗಿದು ಕೊಟ್ಟ ಪರಂಪರೆ ನಮ್ಮದು.

ವಚನಗಳು ಉಳಿದುಬಂದದ್ದೂ ಹೀಗೆಯೇ. ಕಲ್ಯಾಣದಲ್ಲಿ ವಿಪ್ಲವವಾದಾಗ ಎಲ್ಲ ವಚನಗಳೂ ಒಂದೇ ಭಂಡಾರದಲ್ಲಿ, ಒಂದೇ ಬೀಗದಡಿ ಇದ್ದಿದ್ದರೆ ಇಂದು ಈ ಪುಟವೂ ಇರುತ್ತಿರಲಿಲ್ಲ. ಊರೂರಿನ ಮಠಗಳಲ್ಲಿ, ಮನೆಗಳ ಜಗುಲಿಗಳಲ್ಲಿ ಪ್ರತಿಗಳು ಹರಡಿಕೊಂಡಿದ್ದವು. ಫ.ಗು. ಹಳಕಟ್ಟಿಯವರು ಹಳ್ಳಿಹಳ್ಳಿ ಅಲೆದು ಅವುಗಳನ್ನು ಕೂಡಿಹಾಕಿ 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದರು, ಸ್ವಂತ ಮನೆಯನ್ನು ಮಾರಿ ಮುದ್ರಣದ ಕಾಯಕವನ್ನು ನಡೆಸಿದರು. ನಿಂತದ್ದು ಕುಸಿಯುತ್ತದೆ, ನಡೆದಾಡುವುದು ಬಾಳುತ್ತದೆ ಎಂಬ ಅಣ್ಣನವರ ತತ್ತ್ವಕ್ಕೆ ವಚನಸಾಹಿತ್ಯದ ಚರಿತ್ರೆಯೇ ವ್ಯಾಖ್ಯಾನ.

ನಮ್ಮ ಪುಸ್ತಕ ನಮ್ಮ ಕೈಗಿಲ್ಲ

ಇಂಥ ಪರಂಪರೆಯ ವಾರಸುದಾರರಾದ ನಾವು ಈಗ ಮಾಡಿಕೊಂಡಿರುವುದೇನು? ಶ್ರೀಮಠದ ಹಲವು ವ್ಯಾಖ್ಯಾನ ಗ್ರಂಥಗಳು ಈ ಹಿಂದೆ ಡಿ.ಟಿ.ಪಿ. ಆಗಿ ಮುದ್ರಣವಾದವು. ಮರುಮುದ್ರಣಕ್ಕೆಂದು ಅವುಗಳ ಕಡತಗಳನ್ನು ಕೇಳಿದಾಗ ಮುದ್ರಣಾಲಯವೊಂದರವರು ಮೊದಲು ಕೊಡಲೊಪ್ಪಲಿಲ್ಲ. ಆಮೇಲೆ ಕೊಟ್ಟ ಸಿ.ಡಿ.ಯಲ್ಲಿದ್ದವು ಪೇಜ್‌ಮೇಕರ್ ಕಡತಗಳು. ಆ ತಂತ್ರಾಂಶದ ಕೊನೆಯ ಆವೃತ್ತಿ 7.0 ಹೊರಬಂದದ್ದು 2001ರಲ್ಲಿ. ಅದರ ಒಡೆಯರು ಮುಂದೆ ಅದನ್ನು ಬೆಳೆಸಲಿಲ್ಲ. ಹೇಗೋ ತೆರೆದರೆ ವಚನದ ಜಾಗದಲ್ಲಿ ಕಾಣಿಸಿದ್ದು ಅರ್ಥವಿಲ್ಲದ ರೋಮನ್ ಅಕ್ಷರಗಳ, ಚಿಹ್ನೆಗಳ ರಾಶಿ. ಏಕೆಂದರೆ ಅಂದಿನ ಕನ್ನಡ ಅಕ್ಷರಗಳು ನಿಜವಾಗಿ ಕನ್ನಡವಾಗಿರಲಿಲ್ಲ. ಶ್ರೀಲಿಪಿ, ಆಕೃತಿ, ನುಡಿ ಎಂದು ಬೇರೆ ಬೇರೆ ತಂತ್ರಾಂಶಗಳು ತಮ್ಮ ತಮ್ಮ ಕ್ರಮದಲ್ಲಿ ಇಂಗ್ಲಿಷ್ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಹೊದಿಸಿದ್ದವು. ಆ ಫಾಂಟು ಇಲ್ಲವಾದರೆ ಪಠ್ಯವೂ ಇಲ್ಲ. ಮುನ್ನೂರು ವರ್ಷದ ಓಲೆಗರಿಯನ್ನು ಓದಬಲ್ಲ ವಿದ್ವಾಂಸರಿದ್ದಾರೆ; ಇಪ್ಪತ್ತು ವರ್ಷದ ಕಡತವನ್ನು ಓದಲು ನಾವು ಪರದಾಡಬೇಕಾಗಿದೆ. ಸ್ಥಾವರವೆಂದರೆ ಇದಲ್ಲದೆ ಮತ್ತೇನು?

ಪುಕ್ಕಟೆ ಸಿಕ್ಕಿದ್ದು ಮುಕ್ತವಲ್ಲ ಎಂಬುದಕ್ಕೆ ಕನ್ನಡದಲ್ಲೇ ನಿದರ್ಶನವಿದೆ. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂದಾಗ ಕನ್ನಡಿಗರಿಗೆ ಅದು ಪುಕ್ಕಟೆಯಾಗಿ ದೊರೆಯಿತು. ಅದು ಕನ್ನಡಕ್ಕೆ ಮಾಡಿದ ಉಪಕಾರ ಬಹು ದೊಡ್ಡದು. ಮುಂದೆ ಅದರ ಹೊಸ ಆವೃತ್ತಿಗಳಿಗೆ ಶುಲ್ಕ ನಿಗದಿಯಾಯಿತು. ಇದರಲ್ಲಿ ಅವರ ತಪ್ಪೇನೂ ಇಲ್ಲ. ಅವರ ಶ್ರಮಕ್ಕೆ ಅವರು ಬೆಲೆ ಕೇಳಬಹುದು. ಆದರೆ ಬಳಸುವವರ ಕೈಯಲ್ಲಿ ಮೂಲಸಂಕೇತ ಇಲ್ಲದಿದ್ದಾಗ ನಿರ್ಧಾರವೆಲ್ಲ ಕೊಡುವವರದೇ ಆಗಿರುತ್ತದೆ. ಇದಕ್ಕೆ ಪ್ರತಿಯಾಗಿ ಇನ್ನೊಂದು ಪ್ರಸಂಗವನ್ನು ನೋಡಿ. 'ಓಪನ್‌ಆಫೀಸ್' ಎಂಬ ಮುಕ್ತ ತಂತ್ರಾಂಶವನ್ನು ಸಲಹುತ್ತಿದ್ದ ಸನ್ ಕಂಪನಿಯನ್ನು 2010ರಲ್ಲಿ ಒರಾಕಲ್ ಕಂಪನಿ ಕೊಂಡುಕೊಂಡಿತು. ಮುಂದೇನಾಗುವುದೋ ಎಂದು ಅಂಜಿದ ತಂತ್ರಜ್ಞರು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮೂಲಸಂಕೇತವನ್ನು ತೆಗೆದುಕೊಂಡು ಹೊರಬಂದು 'ಲಿಬ್ರೆಆಫೀಸ್' ಎಂಬ ಹೆಸರಿನಲ್ಲಿ ಬೆಳೆಸತೊಡಗಿದರು. ಕಟ್ಟಡ ಮಾರಾಟವಾಯಿತು, ಜಂಗಮ ನಡೆದುಬಂದಿತು. ಇಂದು ಅದು ಕನ್ನಡದ ಮುಖಪರದೆಯೊಂದಿಗೂ ದೊರೆಯುತ್ತದೆ.

ನಮ್ಮವರೂ ಈ ಹಾದಿಯಲ್ಲಿ ಸುಮ್ಮನೆ ಕುಳಿತಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವೇ ಸರ್ಕಾರದ ಪ್ರಮಾಣಿತ ವಿನ್ಯಾಸವಾಗಿ, 'ಕಗಪ' ಎಂಬ ಹೆಸರಿನಲ್ಲಿ ಗ್ನೂ/ಲಿನಕ್ಸಿನಲ್ಲೂ ಸೇರಿದೆ. ಅರವಿಂದ ವಿ.ಕೆ. ಅವರು 'ಗುಬ್ಬಿ', 'ನವಿಲು' ಎಂಬ ಎರಡು ಯೂನಿಕೋಡ್ ಅಕ್ಷರವಿನ್ಯಾಸಗಳನ್ನು ರಚಿಸಿ ಮುಕ್ತ ಪರವಾನಗಿಯಡಿ ಕೊಟ್ಟಿದ್ದಾರೆ. ಆ 'ಗುಬ್ಬಿ' ಹಕ್ಕಿಯ ಹೆಸರಾದರೂ ನಮ್ಮ ಗುಬ್ಬಿಯವರು ಹೆಮ್ಮೆಪಟ್ಟರೆ ತಪ್ಪೇನಿಲ್ಲ! ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ 15 ಸಂಪುಟಗಳಾಗಿ ಬಂದ ಸಮಗ್ರ ವಚನ ಸಾಹಿತ್ಯವನ್ನು ಯೂನಿಕೋಡಿಗೆ ತಂದು ಓ.ಎಲ್. ನಾಗಭೂಷಣಸ್ವಾಮಿ, ಓಂಶಿವಪ್ರಕಾಶ್ ಮತ್ತು ಅವರ ಗೆಳೆಯರು ಕಟ್ಟಿದ 'ವಚನ ಸಂಚಯ'ದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಪದಪದವಾಗಿ ಹುಡುಕಬಹುದು. 'ದಾಸೋಹ' ಎಂಬ ಪದ ಎಲ್ಲೆಲ್ಲಿ ಬಂದಿದೆಯೆಂದು ತಿಳಿಯಲು ಹಿಂದೆ ವಿದ್ವಾಂಸರಿಗೆ ತಿಂಗಳುಗಳು ಬೇಕಾಗುತ್ತಿದ್ದವು. ಈಗ ಕುಣಿಗಲ್ಲಿನ ಪ್ರೌಢಶಾಲೆಯ ಹುಡುಗಿಯೊಬ್ಬಳು ಕ್ಷಣಾರ್ಧದಲ್ಲಿ ಹುಡುಕಬಲ್ಲಳು.

ಮೂರು ಆಕ್ಷೇಪಗಳು

ಮೊದಲನೆಯ ಆಕ್ಷೇಪ: "ಎಲ್ಲವನ್ನೂ ಬಿಟ್ಟುಕೊಟ್ಟರೆ ತಂತ್ರಜ್ಞನ ಹೊಟ್ಟೆಪಾಡೇನು? ಕಾಯಕಕ್ಕೆ ಕೂಲಿ ಬೇಡವೆ?" ಖಂಡಿತ ಬೇಕು. ವೈಂಡಿಂಗ್ ಅಂಗಡಿಯವನು ಮೋಟಾರಿನ ರಹಸ್ಯವನ್ನು ಮಾರಿ ಬದುಕುತ್ತಿಲ್ಲ, ತನ್ನ ಕೈಕೆಲಸದಿಂದ ಬದುಕುತ್ತಿದ್ದಾನೆ. ಅಳವಡಿಕೆ, ದುರಸ್ತಿ, ಹೊಸ ಸೌಕರ್ಯಗಳ ಸೇರ್ಪಡೆ, ತರಬೇತಿ ಇವೆಲ್ಲ ಕಾಯಕಗಳೇ, ಇವಕ್ಕೆಲ್ಲ ಕೂಲಿಯುಂಟು. ಮುಕ್ತ ತಂತ್ರಾಂಶದ ಸೇವೆಯಿಂದಲೇ ಬೆಳೆದ ರೆಡ್‌ಹ್ಯಾಟ್ ಕಂಪನಿಯನ್ನು 2019ರಲ್ಲಿ ಐ.ಬಿ.ಎಂ. ಸುಮಾರು 34 ಶತಕೋಟಿ ಡಾಲರಿಗೆ ಕೊಂಡುಕೊಂಡಿತು. ಇದು ಹಸಿದವರ ಕಥೆಯಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು: "ಯಾರು ಬೇಕಾದರೂ ತಿದ್ದಬಹುದೆಂದರೆ ವಚನಗಳನ್ನೇ ಕೆಡಿಸುವುದಿಲ್ಲವೆ? ಪ್ರಕ್ಷಿಪ್ತಗಳು ನುಸುಳುವುದಿಲ್ಲವೆ?" ಈ ಆತಂಕವನ್ನು ಗೌರವಿಸುತ್ತೇನೆ. ಪಠ್ಯಸಂಪಾದನೆಯನ್ನು ಓದಿದವರಿಗೆ ಈ ಭಯ ಹೊಸದಲ್ಲ. ಆದರೆ ಪ್ರಕ್ಷಿಪ್ತವೊಂದನ್ನು ವಿದ್ವಾಂಸರು ಹಿಡಿಯುವುದು ಹೇಗೆ? ಹತ್ತು ಹಸ್ತಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಒಂದೇ ಪ್ರತಿ, ಒಬ್ಬನದೇ ಕೀಲಿ ಎಂದಾದಾಗ ಅವನು ಕೆಡಿಸಿದ್ದನ್ನು ಹಿಡಿಯುವವರೇ ಇರುವುದಿಲ್ಲ. 'ವಚನದೀಪ್ತಿ'ಯಲ್ಲಿ ಬಸವಣ್ಣನವರ ಅಂಕಿತವನ್ನು ಬದಲಿಸಿದಾಗ ನಾಡೆಲ್ಲ ಪ್ರತಿಭಟಿಸಿತು. 1998ರಲ್ಲಿ ಸರ್ಕಾರ ಆ ಗ್ರಂಥವನ್ನು ಮುಟ್ಟುಗೋಲು ಹಾಕಿತು, 2017ರಲ್ಲಿ ಸುಪ್ರೀಂ ಕೋರ್ಟ್ ಆ ಕ್ರಮವನ್ನು ಎತ್ತಿಹಿಡಿಯಿತು. ಸಾಮಾನ್ಯ ಭಕ್ತನೂ ಆ ಬದಲಾವಣೆಯನ್ನು ಕಂಡುಹಿಡಿಯಬಲ್ಲವನಾದುದು ಮೂಲ ಪಾಠ ಎಲ್ಲರ ಕೈಯಲ್ಲೂ ಎಲ್ಲರ ನಾಲಗೆಯ ಮೇಲೂ ಇದ್ದುದರಿಂದ. ಮುಕ್ತ ಪರವಾನಗಿಗಳು ಕರ್ತೃವಿನ ಹೆಸರನ್ನು ಅಳಿಸಲು ಬಿಡುವುದಿಲ್ಲ. ತಿದ್ದಿದವರು ತಿದ್ದಿದ್ದೇವೆಂದು ತಿಳಿಸಬೇಕೆನ್ನುತ್ತವೆ. ಅಂಕಿತವನ್ನು ಕಾಪಾಡುವುದಕ್ಕೆ ಬೀಗ ಬೇಕಾಗಿಲ್ಲ, ಎಚ್ಚರವುಳ್ಳ ಸಮುದಾಯ ಬೇಕು.

ಮೂರನೆಯ ಆಕ್ಷೇಪ: "ಇದು ಕಷ್ಟ, ನಮ್ಮ ಹಳ್ಳಿಯ ಹುಡುಗರಿಗೆ ಒಗ್ಗದು." ನಮ್ಮ ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಹಲವು ವರ್ಷಗಳಿಂದ ಮಕ್ಕಳು ಕಲಿಯುತ್ತಿರುವುದು ಗ್ನೂ/ಲಿನಕ್ಸಿನಲ್ಲೇ. 2017ರ ನವೆಂಬರಿನಿಂದೀಚೆಗೆ ಜಗತ್ತಿನ ಅತಿ ವೇಗದ 500 ಗಣಕಯಂತ್ರಗಳ ಪಟ್ಟಿಯಲ್ಲಿರುವುವೆಲ್ಲ ಲಿನಕ್ಸನ್ನೇ ನಡೆಸುತ್ತವೆ. ನಿಮ್ಮ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳೂ ಅದೇ. ಮೊದಮೊದಲು ತೊಡಕುಗಳು ಬರುತ್ತವೆ, ನಿಜ. ಕೆಲವು ಕಡೆ ಒತ್ತಕ್ಷರಗಳು ಸರಿಯಾಗಿ ಮೂಡದಿರಬಹುದು. ಆ ತೊಡಕನ್ನು ನಮ್ಮ ಜಿಲ್ಲೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಹುಡುಗನೇ ಬಿಡಿಸಬಹುದು, ಮೂಲಸಂಕೇತ ತೆರೆದಿದೆ. ಸಂಸ್ಕೃತದಲ್ಲಿ ಮುಚ್ಚಿಟ್ಟಿದ್ದ ಅಧ್ಯಾತ್ಮವನ್ನು ತಿಳಿಗನ್ನಡದಲ್ಲಿ ಬಿಚ್ಚಿಟ್ಟ ಶರಣರಿಗೂ "ಇದು ಸಾಮಾನ್ಯರಿಗೆ ಒಗ್ಗದು" ಎಂದೇ ಅಂದಿನ ಪಂಡಿತರು ಹೇಳಿರಲಿಕ್ಕೆ ಸಾಕು.

ಕಳವು ದಾಸೋಹವಲ್ಲ

ಕೊನೆಯದಾಗಿ, ಪೆನ್‌ಡ್ರೈವಿನ 'ದಾಸೋಹ'ದ ಬಗ್ಗೆ ಒಂದು ಕಟುವಾದ ಮಾತು. ಒಡೆತನದ ತಂತ್ರಾಂಶದ ಬೀಗ ಮುರಿದು ತಂದ ಪ್ರತಿಯನ್ನು ಮಠಕ್ಕೆ ಅರ್ಪಿಸುವುದು ಭಕ್ತಿಯಲ್ಲ. ಅಣ್ಣನವರು ಅಂತರಂಗ ಬಹಿರಂಗ ಶುದ್ಧಿಯ ಸೂತ್ರಗಳನ್ನು ಹೇಳುವ ಪ್ರಸಿದ್ಧ ವಚನದಲ್ಲಿ ಮೊತ್ತಮೊದಲು ನಿಷೇಧಿಸುವುದು ಕಳವನ್ನೇ. ಆ ವಚನವನ್ನು ಗೋಡೆಯ ಮೇಲೆ ತೂಗುಹಾಕಿ, ಅದರ ಕೆಳಗಿನ ಮೇಜಿನ ಮೇಲೆ ಕದ್ದ ತಂತ್ರಾಂಶದಲ್ಲಿ ಆಮಂತ್ರಣಪತ್ರಿಕೆ ಅಚ್ಚುಹಾಕುವುದು ಯಾವ ಶುದ್ಧಿ? 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮಿನ ಪ್ರಕಾರ, ತಿಳಿದೂ ಅಂಥ ಪ್ರತಿಯನ್ನು ಬಳಸುವುದು ಸೆರೆವಾಸಕ್ಕೆ ಗುರಿಯಾಗಬಲ್ಲ ಅಪರಾಧ. ಕಾನೂನಿನ ಭಯಕ್ಕಿಂತ ಹೆಚ್ಚಾಗಿ ನಾಚಿಕೆ ನಮ್ಮನ್ನು ತಡೆಯಬೇಕು. ಕಂಪನಿಯ ಷರತ್ತು ಅನ್ಯಾಯವೆನಿಸಿದರೆ ಅದನ್ನು ಬಳಸದಿರುವ ಘನತೆ ನಮಗಿದೆ. ಮುಕ್ತ ತಂತ್ರಾಂಶವು ಆ ಘನತೆಯ ದಾರಿ. ಕದ್ದ ಪ್ರತಿಯನ್ನು ಅದರೊಡನೆ ಒಂದೇ ತಕ್ಕಡಿಯಲ್ಲಿ ತೂಗುವುದು, ಕನ್ನ ಹಾಕಿ ತಂದ ಅಕ್ಕಿಯನ್ನು ದಾಸೋಹದ ಕಣಜಕ್ಕೆ ಸುರಿದಂತೆ.

ಹಾಗೆಯೇ ನಮ್ಮ ಮಠಗಳು, ಪ್ರಕಾಶನಗಳು ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದುಂಟು. ವಚನಸಂಕಲನಗಳ ಒಳಪುಟದಲ್ಲಿ ಎಲ್ಲ ಹಕ್ಕುಗಳನ್ನೂ ಕಾಯ್ದಿರಿಸಲಾಗಿದೆಯೆಂದು ಅಚ್ಚುಹಾಕುತ್ತೇವಲ್ಲ, ಅಣ್ಣನವರ, ಅಕ್ಕನವರ, ಪ್ರಭುದೇವರ ನುಡಿಗಳ ಮೇಲೆ ನಮಗೆ ಯಾವ ಹಕ್ಕು? ನಮ್ಮ ದೇಶದ ಕಾಯಿದೆಯಂತೆ ಕರ್ತೃವಿನ ಮರಣಾನಂತರ 60 ವರ್ಷ ಕಳೆದರೆ ಕೃತಿ ಸಾರ್ವಜನಿಕರದಾಗುತ್ತದೆ. 1964ರಲ್ಲಿ ಲಿಂಗೈಕ್ಯರಾದ ಹಳಕಟ್ಟಿಯವರ ಸ್ವಂತ ಬರಹಗಳೂ 2025ರ ಜನವರಿ 1ರಿಂದ ಎಲ್ಲರ ಸೊತ್ತಾಗಿವೆ. ವ್ಯಾಖ್ಯಾನ ನಮ್ಮದಿರಬಹುದು. ಅದನ್ನಾದರೂ ಕಾಯ್ದಿರಿಸಿ ನಾವು ಯಾರಿಂದ ಕಾಯುತ್ತಿದ್ದೇವೆ, ಓದಲು ಬಂದ ಭಕ್ತನಿಂದಲೆ?

ಆದುದರಿಂದ ಶ್ರೀಮಠದ ಪೂಜ್ಯರಲ್ಲಿಯೂ ಭಕ್ತರಲ್ಲಿಯೂ ನನ್ನ ಬಿನ್ನಹ ಇಷ್ಟು. ಮುಂದಿನ ಬಸವ ಜಯಂತಿಯೊಳಗೆ ಕಾರ್ಯಾಲಯದ ಯಂತ್ರಗಳಲ್ಲಿ ಕದ್ದ ಪ್ರತಿಯೊಂದೂ ಉಳಿಯಬಾರದು, ಅವುಗಳ ಜಾಗದಲ್ಲಿ ಗ್ನೂ/ಲಿನಕ್ಸ್, ಲಿಬ್ರೆಆಫೀಸ್ ಬರಲಿ. ಇನ್ನು ಮುಂದೆ ಯಾವ ಮುದ್ರಣಾಲಯಕ್ಕೆ ಕೆಲಸ ಕೊಟ್ಟರೂ ಯೂನಿಕೋಡಿನಲ್ಲಿರುವ ಮೂಲ ಕಡತವನ್ನು ಮಠಕ್ಕೆ ಒಪ್ಪಿಸಬೇಕೆಂದು ಮೊದಲೇ ಬರೆಸಿಕೊಳ್ಳೋಣ. ಶ್ರೀಮಠದ ವ್ಯಾಖ್ಯಾನಗಳನ್ನು, ಹೆಸರನ್ನು ಉಳಿಸಿಕೊಂಡು ಅದೇ ಷರತ್ತಿನಲ್ಲಿ ಮುಂದಕ್ಕೆ ಹಂಚಬೇಕೆಂಬ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡೋಣ. ಮೈಸೂರು ವಿಶ್ವವಿದ್ಯಾನಿಲಯವು ತನ್ನ ಕನ್ನಡ ವಿಶ್ವಕೋಶದ ಸಂಪುಟಗಳಿಗೆ 2014ರಲ್ಲಿ ಇಂಥದೇ ಪರವಾನಗಿಯನ್ನು ನೀಡಿ ದಾರಿ ತೋರಿದೆ. ಗುಬ್ಬಿ, ಕುಣಿಗಲ್, ತುಮಕೂರಿನ ತರುಣ ಭಕ್ತರು ವಾರಕ್ಕೊಂದು ಗಂಟೆಯನ್ನು ಹಳೆಯ ಪುಟಗಳ ಕರಡು ತಿದ್ದಲು ಕೊಡಲಿ. ಅಂಥ ಒಂದು ಗಂಟೆಯ ಕಾಯಕವು ಕಣಜಕ್ಕೆ ತಂದ ಒಂದು ಮೂಟೆ ರಾಗಿಗೆ ಸಮ.

ಸಿದ್ಧವೀರಣ್ಣೊಡೆಯರ ಊರಿನ ನೆರೆಯಲ್ಲಿ ಬಾಳುತ್ತಿರುವ ನಾವು, ಅವರು ಪಡೆದ ಸ್ವಾತಂತ್ರ್ಯವನ್ನು ನಮ್ಮ ಮಕ್ಕಳಿಗೆ ಬಿಟ್ಟುಹೋಗಬೇಕೋ, ಬೀಗ ಹಾಕಿದ ಸಿ.ಡಿ.ಯನ್ನು ಬಿಟ್ಟುಹೋಗಬೇಕೋ ಎಂಬುದನ್ನು ಭಕ್ತರೇ ನಿರ್ಧರಿಸಬೇಕು.